ವುಡನ್ ಸ್ಪೂನ್: ಕೊನೆಯವನಿಗೆ ಮರದ ಚಮಚ ಏಕೆ?

ಐಪಿಎಲ್‌ನ ಲೀಗ್ ಪಂದ್ಯಗಳು ಮುಗಿಯುತ್ತ ಬಂದಂತೆ ಎರಡು ಲೆಕ್ಕಾಚಾರ ಶುರುವಾಗುತ್ತವೆ. ಮೇಲಿನ ನಾಲ್ಕರಲ್ಲಿ ಯಾರು ಉಳಿಯುತ್ತಾರೆ ಎಂಬುದು ಒಂದು. ‘ವುಡನ್ ಸ್ಪೂನ್’ ಯಾರ ಪಾಲಿಗೆ ಎಂಬುದು ಇನ್ನೊಂದು. ಅಂಕಪಟ್ಟಿಯ ತಳದಲ್ಲಿ ಉಳಿದ ತಂಡದ ನಾಯಕನಿಗೆ ಯಾರೂ ಮರದ ಚಮಚ ತಂದುಕೊಡುವುದಿಲ್ಲ, ಪ್ರಶಸ್ತಿ ಇಡುವ ಮೇಜಿನ ಮೇಲೆ ಅಂಥದ್ದೊಂದು ವಸ್ತುವೂ ಇರುವುದಿಲ್ಲ. ಆದರೂ ಇಂಗ್ಲಿಷಿನಲ್ಲಿ ಅದನ್ನು ‘ಗೆದ್ದರು’ ಎಂದೇ ಹೇಳುತ್ತಾರೆ. ಕೊನೆಯ ಸ್ಥಾನವನ್ನು ಬಹುಮಾನದ ಹಾಗೆ ಮಾತನಾಡಿಸುವ ಈ ಕುಚೋದ್ಯವೇ ಆ ನುಡಿಗಟ್ಟಿನ ಜೀವ. ನಮ್ಮಲ್ಲಿ ‘ಹಿಂದಿನಿಂದ ಫಸ್ಟ್ ರ‍್ಯಾಂಕ್’ ಅನ್ನುವುದಿಲ್ಲವೇ, ಹಾಗೆ.

ಅರ್ಥ ಇಷ್ಟೇ: ಸ್ಪರ್ಧೆಯೊಂದರ ಪಟ್ಟಿಯಲ್ಲಿ ಕಟ್ಟಕಡೆಯ ಸ್ಥಾನ. ಆದರೆ ಹುಟ್ಟಿದ ಜಾಗದಲ್ಲಿ ಈ ಮಾತಿಗೆ ಇದ್ದ ಅರ್ಥ ತುಸು ಬೇರೆ. ಅಲ್ಲಿ ಮರದ ಚಮಚ ಸಿಗುತ್ತಿದ್ದದ್ದು ಫೇಲಾದವನಿಗಲ್ಲ, ಪಾಸಾದವನಿಗೆ. ಅದೂ ಸುಮ್ಮನೆ ಪಾಸಾದವನಿಗಲ್ಲ, ಸಾಧಾರಣ ಪದವಿಗಿಂತ ಮೇಲಿನದಾದ ಆನರ್ಸ್ ಪದವಿ ಪಡೆದವನಿಗೆ. ಇದು ತಿಳಿಯಬೇಕಾದರೆ ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಿತ ಪರೀಕ್ಷೆಯ ಒಳಗೆ ಹೋಗಬೇಕು.

ಆ ಪರೀಕ್ಷೆಯ ಹೆಸರು ಮ್ಯಾಥಮ್ಯಾಟಿಕಲ್ ಟ್ರೈಪೋಸ್. ಟ್ರೈಪೋಸ್ ಎಂದರೆ ಮೂರು ಕಾಲಿನ ಮಣೆ. ಬರವಣಿಗೆಯ ಪರೀಕ್ಷೆ ಬರುವ ಮೊದಲು ಕೇಂಬ್ರಿಜ್‌ನಲ್ಲಿ ಪದವಿ ಸಿಗುತ್ತಿದ್ದದ್ದು ಲ್ಯಾಟಿನ್ ಭಾಷೆಯಲ್ಲಿ ವಾದ ಮಾಡಿ. ಆ ಸಂದರ್ಭದಲ್ಲಿ ಮೂರು ಕಾಲಿನ ಮಣೆಯ ಮೇಲೆ ಕೂತ ಹಳೆಯ ವಿದ್ಯಾರ್ಥಿಯೊಬ್ಬ ಅಭ್ಯರ್ಥಿಗಳ ಜೊತೆ ವಾದಕ್ಕಿಳಿದು ಚೇಷ್ಟೆ ಮಾಡುತ್ತಿದ್ದ. ಅವನನ್ನೇ ‘ಟ್ರೈಪೋಸ್’ ಎಂದು ಕರೆಯತೊಡಗಿದರು. ಮುಂದೆ ಅವನ ಹೆಸರಿನಲ್ಲಿ ಹಾಸ್ಯ ಪದ್ಯಗಳನ್ನು ಅಚ್ಚು ಹಾಕಿ ಹಂಚುವ ರೂಢಿ ಬಂತು. 18ನೇ ಶತಮಾನದ ಮಧ್ಯದಲ್ಲಿ ಅದೇ ಹಾಳೆಯ ಹಿಂಬದಿಯಲ್ಲಿ ಆನರ್ಸ್ ಪಡೆದವರ ಪಟ್ಟಿಯನ್ನೂ ಅಚ್ಚು ಹಾಕಿದರು. ಮಣೆಯಿಂದ ಮನುಷ್ಯನಿಗೆ, ಮನುಷ್ಯನಿಂದ ಪದ್ಯಕ್ಕೆ, ಪದ್ಯದ ಹಾಳೆಯಿಂದ ಅದರ ಬೆನ್ನಿಗಿದ್ದ ಪಟ್ಟಿಗೆ, ಕಡೆಗೆ ಪರೀಕ್ಷೆಗೇ ಆ ಹೆಸರು ಅಂಟಿತು.

ಪಟ್ಟಿಯಲ್ಲಿ ಮೂರು ದರ್ಜೆ. ಮೊದಲ ದರ್ಜೆಯವರು ರ‍್ಯಾಂಗ್ಲರ್‌ಗಳು. ವಾದ ಹೂಡುವವರು ಎಂದು ಅರ್ಥ, ಹಳೆಯ ವಾದದ ಪರೀಕ್ಷೆಯ ನೆನಪು ಅದು. ಎರಡನೆಯವರು ಸೀನಿಯರ್ ಆಪ್ಟಿಮಿಗಳು, ಮೂರನೆಯವರು ಜೂನಿಯರ್ ಆಪ್ಟಿಮಿಗಳು. ‘ಬಹಳ ಚೆನ್ನಾಗಿ ವಾದಿಸಿದೆ’ ಎಂಬ ಲ್ಯಾಟಿನ್ ಮೆಚ್ಚುಗೆಯಿಂದ ಬಂದ ಹೆಸರು ಆಪ್ಟಿಮಿ. ದರ್ಜೆಯೊಳಗೂ ಅಂಕಗಳ ಪ್ರಕಾರ ಒಬ್ಬರ ಕೆಳಗೆ ಒಬ್ಬರ ಹೆಸರು. ಎಲ್ಲರಿಗಿಂತ ಮೇಲಿದ್ದವನು ಸೀನಿಯರ್ ರ‍್ಯಾಂಗ್ಲರ್. ಅವನ ಹೆಸರು ಇಡೀ ಇಂಗ್ಲೆಂಡಿಗೆ ತಿಳಿಯುತ್ತಿತ್ತು. ಜೂನಿಯರ್ ಆಪ್ಟಿಮಿಗಳಲ್ಲಿ ಕೊನೆಯವನು, ಅಂದರೆ ಇಡೀ ಆನರ್ಸ್ ಪಟ್ಟಿಯ ಕೊನೆಯ ಹೆಸರಿನವನು, ‘ವುಡನ್ ಸ್ಪೂನ್’. ವಸ್ತುವಿನ ಹೆಸರೇ ಆ ವ್ಯಕ್ತಿಗೂ ಹೆಸರು.

ಅವನ ಕೆಳಗೆ ಯಾರೂ ಇರಲಿಲ್ಲವೇ? ಬೇಕಾದಷ್ಟು ಜನ ಇದ್ದರು. ಆನರ್ಸ್ ಸಿಗದೆ ಸಾಧಾರಣ ಪದವಿ ತೆಗೆದುಕೊಂಡು ಹೋಗುತ್ತಿದ್ದವರನ್ನು ‘ಪೋಲ್’ ವಿದ್ಯಾರ್ಥಿಗಳು ಅನ್ನುತ್ತಿದ್ದರು. ‘ಬಹುಜನ’ ಎಂಬರ್ಥದ ಗ್ರೀಕ್ ಪದದ ತುಂಡು ಅದು. 1860ರ ದಶಕದ ಒಂದು ಪರೀಕ್ಷೆಯ ಅಂಕಗಳು ಇವತ್ತಿಗೂ ತಿಳಿದಿವೆ. ಒಟ್ಟು ಅಂಕ 17,000. ಸೀನಿಯರ್ ರ‍್ಯಾಂಗ್ಲರ್ ತೆಗೆದದ್ದು 7,634. ಎರಡನೆಯವನು 4,123. ರ‍್ಯಾಂಗ್ಲರ್‌ಗಳಲ್ಲಿ ಕೊನೆಯವನು ಸುಮಾರು 1,500. ಮರದ ಚಮಚ ಪಡೆದವನು 237. ಆ ವರ್ಷ ಆನರ್ಸ್ ಸಿಕ್ಕವರು ಸುಮಾರು 100 ಮಂದಿ, ಸಿಗದವರು ಸುಮಾರು 300.

ಈ ಲೆಕ್ಕವನ್ನು ಎರಡು ಸಲ ನೋಡಬೇಕು. ಶೇಕಡಾವಾರು ಹಿಡಿದರೆ ಚಮಚದವನಿಗೆ ಬಂದದ್ದು ನೂರಕ್ಕೆ ಒಂದೂವರೆಗಿಂತ ಕಡಿಮೆ. ಎಸ್ಸೆಸ್ಸೆಲ್ಸಿಯ ಮೂವತ್ತೈದರ ಲೆಕ್ಕದಲ್ಲಿ ಬೆಳೆದ ನಮಗೆ ಇದು ಡುಮ್ಕಿಗಿಂತಲೂ ಕಡೆ ಅನ್ನಿಸುತ್ತದೆ. ಸ್ಥಾನ ಹಿಡಿದರೆ ಅವನು ಸುಮಾರು 400 ಮಂದಿಯಲ್ಲಿ ನೂರನೆಯವನು, ಮೇಲಿನ ಕಾಲು ಭಾಗದಲ್ಲಿ ಇದ್ದವನು. ಅಂಕ ಅಷ್ಟು ಕಡಿಮೆಯಾಗಲು ಕಾರಣ ಪರೀಕ್ಷೆಯ ರಚನೆ. 1854ರ ಟ್ರೈಪೋಸ್‌ನಲ್ಲಿ 8 ದಿನ, 16 ಪತ್ರಿಕೆ, ಒಟ್ಟು 44 ಗಂಟೆ 30 ನಿಮಿಷ, 211 ಪ್ರಶ್ನೆಗಳು. ಭಾಗಿಸಿದರೆ ಪ್ರಶ್ನೆಯೊಂದಕ್ಕೆ 13 ನಿಮಿಷವೂ ಬರುವುದಿಲ್ಲ. ಎಲ್ಲವನ್ನೂ ಬರೆದು ಮುಗಿಸುವುದು ಯಾರಿಂದಲೂ ಆಗದ ಮಾತು. 7,634 ತೆಗೆದ ಮಹಾಶಯನೂ ಒಟ್ಟು ಅಂಕದ ಅರ್ಧ ಮುಟ್ಟಿಲ್ಲ. ವೇಗವೇ ಪ್ರಧಾನವಾಗಿದ್ದ ಈ ಪರೀಕ್ಷೆಯಲ್ಲಿ 1845ರಲ್ಲಿ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವರು, ಎರಡನೆಯವರಾದರು. 1854ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಎರಡನೆಯವರು. 1880ರಲ್ಲಿ ಜೆ.ಜೆ. ಥಾಮ್ಸನ್ ಎರಡನೆಯವರು. ಮೇಲಿನ ತುದಿಯೇ ಇಷ್ಟು ಅಲುಗಾಡುವಾಗ ಕೆಳಗಿನ ತುದಿಯಲ್ಲಿದ್ದವನನ್ನು ದಡ್ಡ ಅನ್ನಲು ಆಧಾರ ಸಾಲದು.

ಹಾಗಾಗಿ ಚಮಚದಲ್ಲಿ ಗೇಲಿಯ ಜೊತೆಗೆ ಅಕ್ಕರೆಯೂ ಇತ್ತು. ಇನ್ನು ಕೆಲವು ಅಂಕ ಜಾರಿದ್ದರೆ ಅವನ ಹೆಸರೇ ಪಟ್ಟಿಯಲ್ಲಿ ಇರುತ್ತಿರಲಿಲ್ಲ, ಚಮಚವೂ ಸಿಗುತ್ತಿರಲಿಲ್ಲ. ಕವಿ ಲಾರ್ಡ್ ಬೈರನ್ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಓದಿದವನು. 1821ರಲ್ಲಿ ಪ್ರಕಟವಾದ ತನ್ನ ‘ಡಾನ್ ಜುವಾನ್’ ಕಾವ್ಯದ ಮೂರನೆಯ ಸರ್ಗದಲ್ಲಿ ತಾನು ಕವಿತೆಯ ಲೋಕದ ಮರದ ಚಮಚ ಆಗಿಬಿಟ್ಟೆನೇನೋ ಎಂದು ತಮಾಷೆ ಮಾಡಿಕೊಂಡು, ಹೊರಗಿನವರಿಗೆ ತಿಳಿಯಲೆಂದು ಅದರ ಅರ್ಥವನ್ನೂ ಅಲ್ಲೇ ಸೇರಿಸುತ್ತಾನೆ: ಆನರ್ಸ್ ಪದವಿಗಳಲ್ಲಿ ಕೊನೆಯದು. ಅವನು ಬರೆದದ್ದು ‘ಆನರ್ಸ್‌ನಲ್ಲಿ ಕೊನೆ’ ಎಂದೇ ಹೊರತು ಬರಿಯ ‘ಕೊನೆ’ ಎಂದಲ್ಲ. ನುಡಿಗಟ್ಟು ಆ ಹೊತ್ತಿಗೆ ಕ್ಯಾಂಪಸ್ಸಿನೊಳಗೆ ಹಳೆಯದಾಗಿತ್ತು, ಹೊರಗೆ ಇನ್ನೂ ವಿವರಣೆ ಬೇಡುತ್ತಿತ್ತು ಎಂಬುದಕ್ಕೆ ಆ ಸಾಲುಗಳೇ ಸಾಕ್ಷಿ.

ಚಮಚ ಕೊಡುತ್ತಿದ್ದ ಬಗೆ ಹೀಗೆ. ಪದವಿ ಪ್ರದಾನ ನಡೆಯುವುದು ಸೆನೆಟ್ ಹೌಸ್ ಎಂಬ ಸಭಾಂಗಣದಲ್ಲಿ. ಒಳಗೆ ಮೇಲೆ ಗ್ಯಾಲರಿ ಇದೆ. ವಿದ್ಯಾರ್ಥಿಗಳು ಅಲ್ಲಿ ಕಿಕ್ಕಿರಿದು ನಿಲ್ಲುತ್ತಿದ್ದರು. ಕೆಳಗೆ ಪದವಿ ಪಡೆಯುವವನು ಕುಲಪತಿಯ ಮುಂದೆ ಮಂಡಿಯೂರಬೇಕು. ಆನರ್ಸ್ ಪಟ್ಟಿಯ ಕೊನೆಯವನ ಸರದಿ ಬಂದಾಗ ಗೆಳೆಯರು ಗ್ಯಾಲರಿಯಿಂದ ಹಗ್ಗ ಕಟ್ಟಿದ ಮರದ ಚಮಚವನ್ನು ಅವನ ಮೂಗಿನ ಮುಂದೆ ತೂಗಾಡುವಂತೆ ಇಳಿಬಿಡುತ್ತಿದ್ದರು. ವಿಶ್ವವಿದ್ಯಾಲಯದ ನಿಯಮದಲ್ಲಿ ಇದಕ್ಕೆ ಜಾಗ ಇರಲಿಲ್ಲ, ಪೂರ್ತಿ ಹುಡುಗರ ಕಾರುಬಾರು. ಅದೇ ಗ್ಯಾಲರಿಯಿಂದ 1877ರಲ್ಲಿ ಚಾರ್ಲ್ಸ್ ಡಾರ್ವಿನ್‌ಗೆ ಗೌರವ ಪದವಿ ಕೊಡುವಾಗ ದಾರಕ್ಕೆ ಕಟ್ಟಿದ ಕೋತಿಯ ಗೊಂಬೆಯನ್ನು ಇಳಿಬಿಟ್ಟಿದ್ದರು. ಚಮಚ ಬರಬರುತ್ತ ಉದ್ದವಾಯಿತು. ಕೊನೆಕೊನೆಗೆ 5 ಅಡಿಯವರೆಗೂ ಬೆಳೆಯಿತು. ಅದರಲ್ಲಿ ಪಾಯಸ ಬಡಿಸುವಂತಿರಲಿಲ್ಲ, ಹೊತ್ತುಕೊಂಡು ಮೆರವಣಿಗೆ ಹೋಗಬಹುದಿತ್ತು ಅಷ್ಟೇ.

ಹೆಣ್ಣುಮಕ್ಕಳಿಗೆ ಮಾತ್ರ ಈ ಚಮಚ ಸಿಗುವಂತಿರಲಿಲ್ಲ. 1881ರಿಂದ ಅವರಿಗೆ ಪರೀಕ್ಷೆಗೆ ಅಧಿಕೃತ ಪ್ರವೇಶ ಸಿಕ್ಕಿದರೂ ಅವರ ಪಟ್ಟಿ ಬೇರೆ; ಗಂಡಸರ ಪಟ್ಟಿಯಲ್ಲಿ ಯಾವ ಸ್ಥಾನಕ್ಕೆ ಸಮ ಎಂದು ಹೇಳಿ ಬಿಡುತ್ತಿದ್ದರು. 1890ರಲ್ಲಿ ಫಿಲಿಪ್ಪಾ ಫಾಸೆಟ್ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದಾಗ ‘ಸೀನಿಯರ್ ರ‍್ಯಾಂಗ್ಲರ್‌ಗಿಂತ ಮೇಲೆ’ ಎಂದು ಓದಿದರೇ ಹೊರತು ಆ ಪಟ್ಟ ಅವರಿಗೆ ಬರಲಿಲ್ಲ. ಮಹಿಳೆಯರಿಗೆ ಕೇಂಬ್ರಿಜ್ ಪೂರ್ಣ ಪದವಿ ಕೊಟ್ಟದ್ದು 1948ರಲ್ಲಿ. ಪದವಿ ಪಡೆಯಲು ಮಂಡಿಯೂರುವ ಹಕ್ಕೇ ಇಲ್ಲದವರ ಮುಂದೆ ಚಮಚ ಇಳಿಬಿಡುವುದಾದರೂ ಹೇಗೆ?

ಗಣಿತದವರಿಗೆ ಚಮಚ ಇದ್ದಂತೆ ಸಾಹಿತ್ಯದವರಿಗೂ ಒಂದು ಇತ್ತು. ಗ್ರೀಕ್ ಮತ್ತು ಲ್ಯಾಟಿನ್‌ನ ಕ್ಲಾಸಿಕಲ್ ಟ್ರೈಪೋಸ್ 1824ರಲ್ಲಿ ಮೊದಲ ಸಲ ನಡೆದಾಗ ಪಟ್ಟಿಯ ಕೊನೆಯಲ್ಲಿದ್ದ ಹೆಸರು ಹೆನ್ಸ್‌ಲೀ ವೆಜ್‌ವುಡ್. ವೆಜ್ ಎಂದರೆ ಬೆಣೆ, ವುಡ್ ಎಂದರೆ ಮರ. ಹುಡುಗರು ಬಿಡುತ್ತಾರೆಯೇ? ಅಲ್ಲಿಂದ ಆ ಪರೀಕ್ಷೆಯ ಕೊನೆಯವನು ‘ವುಡನ್ ವೆಜ್’, ಮರದ ಬೆಣೆ. ಈ ವೆಜ್‌ವುಡ್ ಡಾರ್ವಿನ್‌ನ ಸೋದರಸಂಬಂಧಿ. ಆಗ ಗಣಿತದಲ್ಲಿ ಆನರ್ಸ್ ಪಡೆದವರಿಗೆ ಮಾತ್ರ ಕ್ಲಾಸಿಕಲ್ ಪರೀಕ್ಷೆಗೆ ಅವಕಾಶವಿದ್ದುದರಿಂದ ಇವನೂ ಗಣಿತದಲ್ಲಿ ತೇರ್ಗಡೆಯಾಗಿಯೇ ಬಂದವನು. ಮುಂದೆ ಇಂಗ್ಲಿಷ್ ಪದಗಳ ಮೂಲ ಹುಡುಕುವ ನಿಘಂಟು ಬರೆದು ಹೆಸರಾದ. ಪದಗಳ ಹುಟ್ಟು ಹುಡುಕುವವನೇ ಒಂದು ಪದದ ಹುಟ್ಟಿಗೆ ಕಾರಣನಾದದ್ದು ಯಾವ ನಿಘಂಟುಕಾರನಿಗೂ ಸಿಗದ ಭಾಗ್ಯ. ಆದರೆ ಬೆಣೆ ಕ್ಯಾಂಪಸ್ಸಿನಲ್ಲೇ ಸವೆದುಹೋಯಿತು, ಚಮಚ ಲೋಕ ಸುತ್ತಿತು.

ನಮ್ಮ ಕಡೆ ಈ ಪಟ್ಟಿಯ ಮೇಲಿನ ತುದಿಯ ಪರಿಚಯವೇ ಹೆಚ್ಚು. 1899ರಲ್ಲಿ ಸೀನಿಯರ್ ರ‍್ಯಾಂಗ್ಲರ್ ಆದ ಪುಣೆಯ ಆರ್.ಪಿ. ಪರಾಂಜಪೆ ಜೀವನವಿಡೀ ‘ರ‍್ಯಾಂಗ್ಲರ್ ಪರಾಂಜಪೆ’ ಎಂದೇ ಕರೆಸಿಕೊಂಡರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವನ್ನು ಕುಲಪತಿಯಾಗಿ ಕಟ್ಟಿ ಬೆಳೆಸಿದ, ಆಮೇಲೆ ಪಂಜಾಬಿನ ರಾಜ್ಯಪಾಲರಾದ ಡಿ.ಸಿ. ಪಾವಟೆ ಅವರೂ ಕೇಂಬ್ರಿಜ್‌ನ ರ‍್ಯಾಂಗ್ಲರ್. ಪಾವಟೆಯವರ ಕಾಲಕ್ಕೆ ಮಾತ್ರ ಸ್ಥಾನದ ಸಂಖ್ಯೆ ಹೇಳುವ ಪದ್ಧತಿ ನಿಂತುಹೋಗಿತ್ತು.

ನಿಂತದ್ದು ಹೀಗೆ. ಒಂದೊಂದು ಅಂಕದ ಪೈಪೋಟಿ, ಅದಕ್ಕಾಗಿ ಖಾಸಗಿ ಪಾಠದ ಮೇಷ್ಟ್ರುಗಳ ಹಿಂದೆ ಬೀಳುವುದು, ಗಣಿತ ಕಲಿಯುವ ಬದಲು ಪ್ರಶ್ನೆ ಬಿಡಿಸುವ ವೇಗ ಕಲಿಯುವುದು, ಇವೆಲ್ಲ ಅತಿಯಾಯಿತೆಂದು ಗಣಿತಜ್ಞರೇ ತಿರುಗಿಬಿದ್ದರು. ಅಂಕದ ಕ್ರಮದಲ್ಲಿ ಹೆಸರು ಓದಿದ ಕೊನೆಯ ವರ್ಷ 1909. ಮರುವರ್ಷದಿಂದ ಪ್ರತಿ ದರ್ಜೆಯೊಳಗೆ ಅಕ್ಷರಾನುಕ್ರಮ. ಹೆಸರು ‘ಎ’ಯಿಂದ ಶುರುವಾದರೆ ಮೊದಲು, ‘ಝಡ್’ ಆದರೆ ಕೊನೆಗೆ. ಇದರಲ್ಲಿ ಗೇಲಿಗೆ ಎಡೆಯೆಲ್ಲಿ? ಮೊದಲನೆಯವನಿಗಾದರೂ ಒಂದು ಗುಟ್ಟಿನ ಗೌರವ ಉಳಿಯಿತು: ಪಟ್ಟಿ ಓದುವ ಪರೀಕ್ಷಕರು ಆ ಹೆಸರು ಬಂದಾಗ ಟೋಪಿ ತುಸು ಎತ್ತುವ ಸಂಪ್ರದಾಯವಿದೆ. ಕೊನೆಯವನಿಗೆ ಏನೂ ಇಲ್ಲ. ಅವನು ಯಾರೆಂದು ಗೆಳೆಯರಿಗೆ ತಿಳಿಯುವ ದಾರಿಯೇ ಮುಚ್ಚಿತು.

1909ರ ಆ ಕೊನೆಯ ಪಟ್ಟಿಯ ಮೇಲಿನ ತುದಿಯಲ್ಲಿ ಪರ್ಸಿ ಜಾನ್ ಡೇನಿಯಲ್. ಗಣಿತದಲ್ಲಿ ಮುಂದೆ ಡೇನಿಯಲ್ ಇಂಟೆಗ್ರಲ್ ಎಂದು ಹೆಸರಾದದ್ದು ಅವರದೇ. ಬುಡದಲ್ಲಿ ಸೇಂಟ್ ಜಾನ್ಸ್ ಕಾಲೇಜಿನ ಕತ್‌ಬರ್ಟ್ ಲೆಂಪ್ರಿಯರ್ ಹೋಲ್ಟ್‌ಹೌಸ್, ಅದೇ ಕಾಲೇಜಿನ ಲೇಡಿ ಮಾರ್ಗರೆಟ್ ಬೋಟ್ ಕ್ಲಬ್ಬಿನಲ್ಲಿ ದೋಣಿ ನಡೆಸುತ್ತಿದ್ದವರು. ಅವರಿಗೆ ಸಿಕ್ಕ ಚಮಚ ಒಂದು ಮೀಟರ್‌ಗಿಂತ ಉದ್ದ, ಅದರ ಹಿಡಿ ದೋಣಿಯ ಹುಟ್ಟಿನ ಅಲಗು. ಮೇಲೆ ಗ್ರೀಕ್ ಭಾಷೆಯಲ್ಲಿ ಕೊರೆದ ಒಂದು ಪದ್ಯ. ಗಣಿತದ ಪೈಪೋಟಿಯ ಪರೀಕ್ಷೆಗಳ ಕೊನೆಯ ಕುರುಹು ಇದು, ನೋಡಿ ಅಳು ಎಂಬುದು ಅದರ ಸಾರ. ಚಮಚ ಇಂದಿಗೂ ಸೇಂಟ್ ಜಾನ್ಸ್ ಕಾಲೇಜಿನಲ್ಲಿದೆ. ಕನ್ನಡದಲ್ಲಿ ದೋಣಿ ನಡೆಸುವುದೂ ಹುಟ್ಟು, ಅಡುಗೆಮನೆಯ ಮರದ ಸೌಟೂ ಹುಟ್ಟು. ಕೇಂಬ್ರಿಜ್ ಹುಡುಗರು ಎರಡು ವಸ್ತು ಕೂಡಿಸಿ ಮಾಡಿದ ತಮಾಷೆಯನ್ನು ನಮ್ಮ ಭಾಷೆ ಒಂದೇ ಪದದಲ್ಲಿ ಇಟ್ಟುಕೊಂಡಿದೆ.

ಪಟ್ಟಿ ಹೋದ ಮೇಲೆ ಮಾತೂ ಹೋಗಬೇಕಿತ್ತು. ಹೋಗಲಿಲ್ಲ, ಏಕೆಂದರೆ ಅಷ್ಟರಲ್ಲಿ ಅದು ಪಟ್ಟಿ ಇರುವ ಇನ್ನೊಂದು ಜಾಗಕ್ಕೆ ದಾಟಿತ್ತು. ಬ್ರಿಟನ್ನಿನ ರಗ್ಬಿ ತಂಡಗಳ ನಡುವಿನ ಹೋಮ್ ನೇಷನ್ಸ್ ಪಂದ್ಯಾವಳಿ 1883ರಲ್ಲಿ ಶುರುವಾಯಿತು. ಆರಂಭದ ರಗ್ಬಿಯಲ್ಲಿ ಕೇಂಬ್ರಿಜ್‌ನಿಂದ ಬಂದವರು ಧಾರಾಳವಾಗಿದ್ದರು, ಮಾತು ಅವರ ಜೊತೆಗೇ ಬಂತು. ಅದೇ ಪಂದ್ಯಾವಳಿ ಬೆಳೆದು ಆರು ತಂಡಗಳ ಸಿಕ್ಸ್ ನೇಷನ್ಸ್ ಆಗಿದೆ, ಅಲ್ಲಿ ತಳದ ತಂಡಕ್ಕೆ ಈ ಹೆಸರು ಖಾಯಂ. ವಸ್ತು ಮಾತ್ರ ಇಲ್ಲ. ಅಲ್ಲಿ ಅದು ಬರೀ ಮಾತು. ಎಲ್ಲ ಪಂದ್ಯ ಸೋಲುವುದನ್ನು ‘ವೈಟ್‌ವಾಷ್’ ಅನ್ನುತ್ತಾರೆ, ಎರಡೂ ಒಂದೇ ಅಲ್ಲ. ಒಂದೆರಡು ಪಂದ್ಯ ಗೆದ್ದೂ ಮರದ ಚಮಚ ಬರಬಹುದು. 2003ರಲ್ಲಿ ವೇಲ್ಸ್‌ಗೆ ಎರಡೂ ಬಂದವು, ಐದಕ್ಕೆ ಐದೂ ಸೋಲು. ಎರಡು ವರ್ಷದ ನಂತರ 2005ರಲ್ಲಿ ಅದೇ ವೇಲ್ಸ್ ಐದನ್ನೂ ಗೆದ್ದು ಗ್ರ್ಯಾಂಡ್ ಸ್ಲ್ಯಾಮ್ ಮಾಡಿತು. ಇನ್ನೊಂದು ಸೋಜಿಗ 1973ರದು. ಆಗಿದ್ದ ಐದೂ ತಂಡಗಳು ತವರಿನ ಎರಡು ಪಂದ್ಯ ಗೆದ್ದು ಹೊರಗಿನ ಎರಡು ಸೋತವು. ಅಂಕಗಳೆಲ್ಲ ಸಮ, ಪ್ರಶಸ್ತಿಯೂ ಐವರದು. ಕೊನೆಯವರೇ ಇಲ್ಲದ ಕಾರಣ ಆ ವರ್ಷ ಚಮಚವೂ ಇಲ್ಲ.

1983ರಲ್ಲಿ ಇಂಗ್ಲೆಂಡ್ ಕೊನೆಯ ಸ್ಥಾನಕ್ಕೆ ಬಿದ್ದಾಗ ಡಬ್ಲಿನ್‌ನಲ್ಲಿ ಐರಿಷ್ ಗೆಳೆಯರು ಇಂಗ್ಲಿಷ್ ಅಭಿಮಾನಿಗಳಿಗೆ ನಿಜವಾದ ಮರದ ಚಮಚವನ್ನೇ ಕೊಟ್ಟರು. ತೆಗೆದುಕೊಂಡವರು ಅದೇ ಹೆಸರಿನಲ್ಲಿ ಮಕ್ಕಳಿಗಾಗಿ ಒಂದು ದತ್ತಿ ಸಂಸ್ಥೆ ಕಟ್ಟಿದರು. ‘ವುಡನ್ ಸ್ಪೂನ್’ ಸಂಸ್ಥೆ ಈಗಲೂ ಕೆಲಸ ಮಾಡುತ್ತಿದೆ. ಕೇಂಬ್ರಿಜ್‌ನ ದೋಣಿ ಸ್ಪರ್ಧೆಯಲ್ಲೂ ಮಾತಿನ ಒಂದು ಕುಡಿ ಉಳಿದಿದೆ. ಅಲ್ಲಿ ದೋಣಿಗಳು ಸಾಲಾಗಿ ಹೊರಟು ಮುಂದಿನದನ್ನು ತಗುಲಬೇಕು. ನಾಲ್ಕೂ ದಿನ ಹಿಂದಿನವರಿಂದ ತಗುಲಿಸಿಕೊಂಡ ತಂಡಕ್ಕೆ ‘ಸ್ಪೂನ್ಸ್’ ಬಂತು ಅನ್ನುತ್ತಾರೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಂತೂ ಮಾತು ತಲೆಕೆಳಗಾಯಿತು. ಮೊದಲು ಕಡೆಯವನಿಗೆ ಕೊಡುತ್ತಿದ್ದ ಮರದ ಚಮಚ ಬರಬರುತ್ತ ತರಗತಿಯಲ್ಲಿ ಎಲ್ಲರಿಗೂ ಬೇಕಾದ ಹುಡುಗನಿಗೆ ಸಿಗುವ ಗೌರವವಾಗಿ ಬದಲಾಯಿತು.

ಇನ್ನು ಬಳಕೆ. ಇಂಗ್ಲಿಷಿನಲ್ಲಿ ಈ ಮಾತಿನ ಮುಂದೆ ‘ದಿ’ ಇರುವುದೇ ರೂಢಿ, ಏಕೆಂದರೆ ಒಂದು ಸ್ಪರ್ಧೆಗೆ ಒಂದೇ ಚಮಚ. ಜೊತೆಗೆ ಬರುವ ಕ್ರಿಯಾಪದಗಳು ಗೆಲ್ಲು, ಪಡೆ, ತಪ್ಪಿಸಿಕೊ ಎಂಬರ್ಥದವು. ‘ಸೋತು ಚಮಚ ಕಳೆದುಕೊಂಡರು’ ಎಂದರೆ ಅರ್ಥ ಉಲ್ಟಾ. ಎಲ್ಲರೂ ಎಲ್ಲರೊಡನೆ ಆಡಿ ಕೊನೆಗೆ ಒಂದು ಅಂಕಪಟ್ಟಿ ಉಳಿಯುವ ಲೀಗ್‌ಗೆ ಈ ಮಾತು ಸರಿಯಾಗಿ ಕೂರುತ್ತದೆ. ಸೋತವರು ಹೊರಹೋಗುತ್ತಲೇ ಇರುವ ನಾಕೌಟ್‌ನಲ್ಲಿ ಕೊನೆಯ ಸ್ಥಾನವೆಂಬುದೇ ಇರುವುದಿಲ್ಲ. ಟೆನಿಸ್ ಅಭಿಮಾನಿಗಳು ಅಲ್ಲೂ ಬಿಡದೆ, ಚಾಂಪಿಯನ್‌ಗೆ ಸೋತವರು ಯಾರು, ಅವರಿಗೆ ಅದಕ್ಕೂ ಮೊದಲು ಸೋತವರು ಯಾರು ಎಂದು ಹಿಂದಕ್ಕೆ ಹೋಗುತ್ತ ಮೊದಲ ಸುತ್ತಿನಲ್ಲಿ ನಿಲ್ಲುವ ಹೆಸರಿಗೆ ಚಮಚ ಕೊಡುತ್ತಾರೆ. ತಲೆಕೆಟ್ಟ ಲೆಕ್ಕ, ಆದರೆ ಮಜವಾಗಿದೆ.

ಫೈನಲ್‌ನಲ್ಲಿ ಸೋತ ತಂಡಕ್ಕೆ ಇದನ್ನು ಬಳಸುವುದು ನಮ್ಮಲ್ಲಿ ಕಾಣುವ ತಪ್ಪು. ಅದು ರನ್ನರ್ ಅಪ್, ಪಟ್ಟಿಯ ಇನ್ನೊಂದು ತುದಿ. ಬೆಳ್ಳಿ ಚಮಚದ ಜೊತೆ ಇದನ್ನು ಹೆಣೆಯುವುದು ಮತ್ತೊಂದು. ಬಾಯಲ್ಲಿ ಬೆಳ್ಳಿ ಚಮಚ ಇಟ್ಟುಕೊಂಡು ಹುಟ್ಟಿದವರು ಎಂದರೆ ಸಿರಿವಂತರ ಮನೆಯ ಮಕ್ಕಳು. ಅದಕ್ಕೆ ಎದುರಾಗಿ ಮರದ ಚಮಚವನ್ನು ಬಡತನಕ್ಕೆ ಬಳಸಿದರೆ ಇಂಗ್ಲಿಷ್ ಬಲ್ಲವರು ಗೊಂದಲಪಡುತ್ತಾರೆ. ಬ್ರಿಟನ್ ಮತ್ತು ಆಸ್ಟ್ರೇಲಿಯಾದಲ್ಲಿ ಜಗಳ ಕದಡುವವರ ಬಗ್ಗೆ ಮಾತಾಡುವಾಗಲೂ ಮರದ ಚಮಚ ಬರುತ್ತದೆ, ಆದರೆ ಅದು ಪಾತ್ರೆಯಲ್ಲಿ ಕಲಕುವ ಚಿತ್ರ, ಇದರ ನೆಂಟಸ್ತಿಕೆ ಅದಕ್ಕಿಲ್ಲ. ಅಮೆರಿಕದವರೊಡನೆ ಮಾತಾಡುವಾಗ ಮಾತು ತಟ್ಟದೇ ಹೋಗಬಹುದು. ತಳದ ತಂಡ ‘ನೆಲಮಾಳಿಗೆಯಲ್ಲಿದೆ’ ಎನ್ನುವುದು ಅವರ ರೂಢಿ. ಕಚೇರಿಯಲ್ಲಿ ಸಹೋದ್ಯೋಗಿಯ ಮೇಲೆ ಈ ಮಾತು ಪ್ರಯೋಗಿಸದಿರುವುದು ಮೇಲು. ಮೂಲದ ಅಕ್ಕರೆ ಈಗ ಕೇಳುವವರ ಕಿವಿಗೆ ಬೀಳುವುದಿಲ್ಲ, ಗೇಲಿ ಮಾತ್ರ ಬೀಳುತ್ತದೆ.

ಕನ್ನಡಕ್ಕೆ ತರುವಾಗ ‘ಮರದ ಚಮಚ ಗೆದ್ದ ತಂಡ’ ಎಂದು ಪದಕ್ಕೆ ಪದ ಇಟ್ಟರೆ ಮೂಲ ಗೊತ್ತಿಲ್ಲದ ಓದುಗರು ನಿಜವಾದ ಬಹುಮಾನ ಅಂದುಕೊಳ್ಳುತ್ತಾರೆ. ವರದಿಯಲ್ಲಿ ‘ಕೊನೆಯ ಸ್ಥಾನಿ’ ಅಥವಾ ‘ತಳ ಕಂಡ ತಂಡ’ ಸಾಕು. ಚುಚ್ಚು ಬೇಕಿದ್ದರೆ ‘ಹಿಂದಿನಿಂದ ಮೊದಲು’ ಇದೆ. ಕ್ರಿಕೆಟ್ ಓದುಗರಿಗೇ ಬರೆಯುವಾಗ ‘ವುಡನ್ ಸ್ಪೂನ್’ ಎಂದೇ ಬಿಡಬಹುದು, ಅವರಿಗೆ ಅದು ಈಗ ಕನ್ನಡವೇ.

ಪಂದ್ಯಗಳು ಬಾಕಿ ಇರುವಾಗ ಚಮಚ ಹಂಚುವ ಆತುರ ಮಾತ್ರ ಬೇಡ. 2019ರ ಐಪಿಎಲ್‌ನಲ್ಲಿ ಆರ್‌ಸಿಬಿ ಮೊದಲ ಆರು ಪಂದ್ಯ ಸತತ ಸೋತಿತು. ಆದರೂ ಕೊನೆಗೆ 11 ಅಂಕ ತಲುಪಿ ರಾಜಸ್ಥಾನ್ ರಾಯಲ್ಸ್ ಜೊತೆ ಸಮವಾಯಿತು. ತೀರ್ಪು ಕೊಟ್ಟದ್ದು ನೆಟ್ ರನ್‌ರೇಟ್: ರಾಜಸ್ಥಾನದ್ದು ಮೈನಸ್ 0.449, ಬೆಂಗಳೂರಿನದು ಮೈನಸ್ 0.607. 0.158ರ ಅಂತರದಲ್ಲಿ ಚಮಚ ನಮ್ಮೂರಿಗೆ ಬಂತು. 2017ರಲ್ಲಿ ಅಂಥ ಸಂಶಯಕ್ಕೆ ಎಡೆಯೇ ಇರಲಿಲ್ಲ. 14 ಪಂದ್ಯಗಳಿಂದ 7 ಅಂಕ, ಈಡನ್ ಗಾರ್ಡನ್ಸ್‌ನಲ್ಲಿ 49ಕ್ಕೆ ಆಲೌಟ್ ಆದ ವರ್ಷ ಅದು. ಅದರ ಹಿಂದಿನ ವರ್ಷವಷ್ಟೇ ಅದೇ ತಂಡ ಫೈನಲ್ ಆಡಿತ್ತು. ಚಮಚದಿಂದ ಕಪ್ಪಿಗೆ ಅತಿ ಬೇಗ ನೆಗೆದದ್ದು ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್. 2008ರ ಮೊದಲ ಐಪಿಎಲ್‌ನಲ್ಲಿ ಎಲ್ಲರಿಗಿಂತ ಕೆಳಗೆ, 2009ರಲ್ಲಿ ಚಾಂಪಿಯನ್. ಆ ಫೈನಲ್‌ನಲ್ಲಿ 6 ರನ್‌ಗಳಿಂದ ಸೋತವರು ಯಾರೆಂದು ಬೆಂಗಳೂರಿನವರಿಗೆ ಹೇಳಬೇಕಿಲ್ಲ.